ನಮ್ಮ ಬೀದಿ ಮುಂದುವರಿದ ಎರಡು ತಿಂಗಳು

ನಮ್ಮ ಅಡಿಗೆಮನೆಯ ಗೂಡಿನಲ್ಲಿರುವ ಸ್ಟೀಲ್ ಬಟ್ಟಲುಗಳಲ್ಲಿ ಅರ್ಧಕ್ಕರ್ಧ ನಮ್ಮವಲ್ಲ. ಒಂದರ ತಳದಲ್ಲಿ ‘ಹನುಮಕ್ಕ’ ಎಂದು ಚುಕ್ಕಿ ಚುಕ್ಕಿಯಾಗಿ ಕೆತ್ತಿದೆ. ಇನ್ನೊಂದರಲ್ಲಿ ಯಾರದೋ ಗೃಹಪ್ರವೇಶದ ನೆನಪಿದೆ. ಮತ್ತೊಂದರ ಅಕ್ಷರ ಸವೆದು, ಅದು ಯಾರ ಮನೆಯದೆಂದು ಆ ಮಾರಮ್ಮನಿಗೇ ಗೊತ್ತು. ಕದ್ದು ತಂದವಲ್ಲ ಮತ್ತೆ. ಅವರೆಕಾಳಿನ ಹುಳಿ, ಶ್ಯಾವಿಗೆ ಪಾಯಸ, ತಂಬಿಟ್ಟು ಹೊತ್ತುಕೊಂಡು ಬಂದವು, ವಾಪಸ್ ಹೋಗುವ ದಾರಿಯಲ್ಲಿ ನಮ್ಮ ಗೂಡಿನಲ್ಲಿ ಸಿಕ್ಕಿಹಾಕಿಕೊಂಡವು. ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ? ಅದರಲ್ಲಿ ಹಾಕಿಕೊಡಲು ನಮ್ಮ ಮನೆಯಲ್ಲಿ ಏನಾದರೂ ವಿಶೇಷ ಆಗುವವರೆಗೆ ಅದು ನಮ್ಮಲ್ಲೇ ಇರುತ್ತದೆ. ಅಷ್ಟರಲ್ಲಿ ನಮ್ಮ ಬಟ್ಟಲೊಂದು ಅವರ ಮನೆಗೆ ಹೋಗಿರುತ್ತದೆ. ಹೀಗೆ ಮೂವತ್ತು ವರ್ಷದಿಂದ ಬಡವನಹಳ್ಳಿಯ ಸಂತೆ ಬಯಲಿನ ಹಿಂದಿನ ಈ ಬೀದಿಯಲ್ಲಿ ಯಾರ ಮನೆಯ ಪಾತ್ರೆ ಯಾರಲ್ಲಿದೆ ಎಂದು ಯಾರಿಗೂ ನಿಖರವಾಗಿ ಗೊತ್ತಿಲ್ಲ.

ಮೊನ್ನೆ ಗೂಡು ಒರೆಸುವಾಗ ನಮ್ಮ ಮನೆಯವರು ಇದನ್ನು ನೋಡಿ, “ಇದಕ್ಕೇ ನೋಡು, ನಾವಿನ್ನೂ ಮುಂದುವರಿಯುತ್ತಲೇ ಇರೋದು,” ಎಂದರು. ಅವರು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಮುಂದುವರಿದ ದೇಶಗಳಿಗೂ ಮುಂದುವರಿಯುತ್ತಿರುವ ದೇಶಗಳಿಗೂ ಇರುವ ವ್ಯತ್ಯಾಸಗಳು ಅವರ ಪ್ರೀತಿಯ ಪ್ರಶ್ನೆ. ನಡುವೆ ಉದ್ದಕ್ಕೆ ಗೆರೆ ಎಳೆಯಬೇಕು. ಎಡಕ್ಕೆ ಅವರು, ಬಲಕ್ಕೆ ನಾವು. ಟ್ಯೂಷನ್ ಮಕ್ಕಳು ಪಡಸಾಲೆಯಲ್ಲಿ ಕೂತು ಅದನ್ನು ರಾಗವಾಗಿ ಉರು ಹೊಡೆಯುತ್ತಿದ್ದರೆ ನಾನು ಒಳಗೆ ಅದೇ ತಾಳಕ್ಕೆ ಮುದ್ದೆ ತಿರುವುತ್ತಿದ್ದೆ. ಅಲ್ಲಿ ತಲಾ ಆದಾಯ ಹೆಚ್ಚು, ಇಲ್ಲಿ ಕಡಿಮೆ. ಅಲ್ಲಿ ಕಾರ್ಖಾನೆ, ಇಲ್ಲಿ ಬೇಸಾಯ. ಅಲ್ಲಿ ಜನ ಕಡಿಮೆ, ಇಲ್ಲಿ ಜಾಸ್ತಿ. ಒಟ್ಟಿನಲ್ಲಿ ಎಡಗಡೆಯವರ ಬಳಿ ಇರಬೇಕಾದದ್ದೆಲ್ಲ ಇದೆ, ಬಲಗಡೆಯವರ ಬಳಿ ಇಲ್ಲದ್ದೆಲ್ಲ ಇದೆ. ಮುದ್ದೆ ಗಂಟಾಗದೆ ಬಂದರೆ ಸಾಕು ಅಂತ ದೇವರಿಗೆ ಕೈಮುಗಿಯುತ್ತಿದ್ದ ನನಗೆ ಆ ಗೆರೆಯ ಎಡಬಲ ಕಟ್ಟಿಕೊಂಡು ಏನಾಗಬೇಕಿತ್ತು ಹೇಳಿ.

ಆದರೆ ಈ ಬೇಸಿಗೆಯಲ್ಲಿ ಎರಡು ತಿಂಗಳ ಮಟ್ಟಿಗೆ ನಮ್ಮ ಬೀದಿ ಆ ಗೆರೆ ದಾಟಿ ಎಡಕ್ಕೆ ಹೋಗಿಬಂತು. ಕರೆದುಕೊಂಡು ಹೋದವಳು ನಾನೇ. ಆ ಸಂಗತಿಯನ್ನೇ ಹೇಳಬೇಕೆಂದಿದ್ದೇನೆ, ಆದರೆ ಅದಕ್ಕೆ ಮೊದಲು ನನ್ನ ತವರಿನ ಮಾತು ಎರಡು.

ನನ್ನ ತವರು ಪಾವಗಡ ತಾಲ್ಲೂಕು, ನಿಡುಗಲ್ ಬೆಟ್ಟದ ಕಡೆಯ ಹಳ್ಳಿ. ಅಲ್ಲಿ ಎಲ್ಲರಿಗೂ ಹೊಲವಿತ್ತು, ಕೂಲಿ ಕೊಡುವ ಶಕ್ತಿ ಮಾತ್ರ ಯಾರಿಗೂ ಇರಲಿಲ್ಲ. ಅದಕ್ಕೇ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನಮ್ಮ ಕಡಲೆಕಾಯಿ ಹೊಲದ ಕಳೆಗೆ ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಾಡಿದ್ದು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಇಬ್ಬರು ಹೋಗಬೇಕು. ಬರೆದಿಡುವವರಿಲ್ಲ, ಮರೆಯುವವರೂ ಇಲ್ಲ. ನಾನು ಮೊದಲ ಸಲ ಮುಯ್ಯಾಳಾಗಿ ಹೋದದ್ದು ಒಂಬತ್ತನೆಯ ವಯಸ್ಸಿನಲ್ಲಿ. ಅವ್ವನಿಗೆ ಜ್ವರ, ಮಾತು ಕೊಟ್ಟಾಗಿತ್ತು, ಕುಡುಗೋಲು ಕೊಟ್ಟು ನನ್ನನ್ನು ಕಳಿಸಿದಳು. ಹೊಲದ ಒಡತಿ ನರಸಕ್ಕನದು ಅರ್ಧ ತೆಲುಗು ಅರ್ಧ ಕನ್ನಡ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಏಮ್ಮಾ, ಆಳು ಕಳ್ಸಮ್ಮ ಅಂದ್ರೆ ಮೀ ಅಮ್ಮ ಆಳಿನ ಬೀಜ ಕಳ್ಸವಳಲ್ಲ,” ಎಂದಳು. ಆದರೂ ವಾಪಸ್ ಕಳಿಸಲಿಲ್ಲ, ಅರೆಯಾಳು ಅಂತ ಒಪ್ಪಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ನಾನು ಕಳೆಯ ಜೊತೆಗೆ ಒಂದು ಸಾಲು ಕಡಲೆಗಿಡವನ್ನೂ ಕಿತ್ತು ಗುಡ್ಡೆ ಹಾಕಿದ್ದೆ. ಅರೆಯಾಳಿನಿಂದ ಕಾಲಾಳಿಗೆ ಇಳಿದೆ. ಜ್ವರ ಬಿಟ್ಟ ಮೇಲೆ ಉಳಿದ ಮುಕ್ಕಾಲು ಆಳನ್ನು ಅವ್ವ ತಾನೇ ಹೋಗಿ ತುಂಬಿಕೊಟ್ಟು ಬಂದಳು. ನನ್ನ ತಲಾ ಉತ್ಪಾದನೆಯ ಬಗ್ಗೆ ಯಾರಾದರೂ ಮಾಡಿದ ಮೊದಲ ಲೆಕ್ಕ ಅದು. ಇಂದಿಗೂ ಅದು ಬಹಳ ಏರಿದೆ ಅಂತ ನನಗೆ ಅನ್ನಿಸುವುದಿಲ್ಲ.

ಮದುವೆಯಾಗಿ ಬಡವನಹಳ್ಳಿಗೆ ಬಂದಾಗ ನನಗೆ ಸಿಕ್ಕ ಮೊದಲ ಪುಣ್ಯವೆಂದರೆ ಎದುರುಮನೆಯ ಹನುಮಕ್ಕ. ನನಗಿಂತ ಎಂಟು ಹತ್ತು ವರ್ಷಕ್ಕೆ ದೊಡ್ಡವಳು. ಗಂಡ ಕುರಿ ಹೊಡೆದುಕೊಂಡು ಹೋದರೆ ಕೆಲವು ಸಲ ವಾರಗಟ್ಟಲೆ ಬರುವುದಿಲ್ಲ, ಮೂರು ಎಕರೆ ಕಡಲೆಕಾಯಿ ಹೊಲ ಇವಳ ಕೈಯಲ್ಲೇ. ಎಳೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯುವುದರಲ್ಲಿ ಈ ಬೀದಿಗೇ ಅವಳೊಬ್ಬಳು. ನನ್ನ ಮಗಳು ಲತಾಳನ್ನು ಎರೆದವಳೂ ಅವಳೇ. ನಾನು ಹದಿನೈದು ದಿನ ನೀರು ಕಾಯಿಸಿಕೊಟ್ಟು ಬಾಗಿಲ ಸಂದಿಯಿಂದ ನೋಡಿ ಅಳುತ್ತಿದ್ದೆ, ಮಗುವಿಗಿಂತ ಜೋರಾಗಿ.

ನಮಗೂ ಹನುಮಕ್ಕನಿಗೂ ಒಂದು ಮುಯ್ಯಿ ಇತ್ತು. ನಮ್ಮ ಹೊಲದ ಬದುವಿನಲ್ಲಿ ಎರಡು ಹುಣಸೆಮರ. ಶಿವರಾತ್ರಿ ಕಳೆದ ಮೇಲೆ ಹಣ್ಣು ಉದುರಿಸಿ ಮೂರು ನಾಲ್ಕು ಮೂಟೆ ಮನೆಗೆ ಬರುತ್ತದೆ. ಅದನ್ನು ಕುಟ್ಟಿ, ಓಡು ಬಿಡಿಸಿ, ನಾರು ಎಳೆದು, ಬೀಜ ತೆಗೆದು ಉಂಡೆ ಕಟ್ಟುವುದಕ್ಕೆ ಹನುಮಕ್ಕ ನಮ್ಮ ಜಗುಲಿಗೆ ಬಂದು ಕೂರುತ್ತಾಳೆ. ಮುಂಗಾರಿಗೆ ಮೊದಲು ಅವಳ ಮನೆಯಲ್ಲಿ ಬಿತ್ತನೆಗೆ ಕಡಲೆಬೀಜ ಸುಲಿಯಬೇಕು, ಅದಕ್ಕೆ ನಾನು ಅವಳ ಜಗುಲಿಗೆ ಹೋಗಿ ಕೂರಬೇಕು. ಹುಣಸೆಗೆ ನಾಲ್ಕೈದು ಮಧ್ಯಾಹ್ನ ಸಾಕು. ಕಡಲೆಬೀಜಕ್ಕೆ ಹದಿನೈದು ದಿನ ಬೇಕು. ಬಿತ್ತನೆ ಬೀಜವನ್ನು ಮಿಷನ್ನಿಗೆ ಹಾಕುವಂತಿಲ್ಲ, ಒಂದೊಂದೇ ಕಾಯಿಯನ್ನು ಬೆರಳಿನಲ್ಲಿ ಒತ್ತಿ, ಒಳಗಿನ ಕೆಂಪು ಸಿಪ್ಪೆ ಹರಿಯದ ಹಾಗೆ ಬಿಡಿಸಬೇಕು. ಮೂರನೆಯ ದಿನಕ್ಕೆ ಹೆಬ್ಬೆರಳು ಸುಲಿದಿರುತ್ತದೆ. ಈ ತಕ್ಕಡಿ ಸಮ ಇಲ್ಲ ಅಂತ ನನಗೆ ಮೊದಲಿನಿಂದ ಗೊತ್ತಿತ್ತು, ಆದರೆ ಬಾಯಿಬಿಟ್ಟು ಹೇಳುವ ಮಾತಲ್ಲ ಅದು.

ಹೀಗಿರುವಾಗ ಈ ವರ್ಷ ಹುಣಸೆಹಣ್ಣು ಮನೆಗೆ ಬಂದ ವಾರದಲ್ಲೇ ನಮ್ಮ ಮಹಿಳಾ ಸಂಘದವರಿಗೆ ತರಬೇತಿ ಎಂದು ಕರೆದರು. ಹತ್ತು ಗಂಟೆಗೆ ಬನ್ನಿ ಎಂದಿದ್ದರು. ಪೂಜೆ ಮುಗಿಸಿ, ತಿಂಡಿ ಮಾಡಿಟ್ಟು, ಹತ್ತಕ್ಕೆ ಸರಿಯಾಗಿ ಹೋಗಿ ಕೂತೆವು. ತರಬೇತಿ ಕೊಡುವ ಹುಡುಗಿ ತುಮಕೂರಿನಿಂದ ಜೀಪಿನಲ್ಲಿ ಬಂದಿಳಿದಾಗ ಹನ್ನೆರಡೂ ಕಾಲು. ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರ ಹಚ್ಚಿ ಅವಳು ಹೇಳಿದ ಮೊದಲ ಮಾತು: “ಅಕ್ಕಂದಿರೇ, ಸಮಯಕ್ಕೆ ಬೆಲೆ ಇದೆ.” ನಾವು ಮೂವತ್ತು ಜನ ಎರಡೂಕಾಲು ಗಂಟೆಯಿಂದ ಅದೇ ಬೆಲೆಯನ್ನು ಚಾಪೆಯ ಮೇಲೆ ಕೂತು ಅನುಭವಿಸುತ್ತಿದ್ದೆವು, ಆದ್ದರಿಂದ ತಲೆಯಾಡಿಸಿದೆವು.

ಒಳ್ಳೆಯ ಹುಡುಗಿ, ಚೆನ್ನಾಗಿ ಮಾತಾಡಿದಳು. ಮುಂದುವರಿದ ದೇಶಗಳಲ್ಲಿ ಯಾರೂ ಯಾರ ಕೆಲಸವನ್ನೂ ಪುಕ್ಕಟೆ ಮಾಡುವುದಿಲ್ಲವಂತೆ. ಅಜ್ಜಿ ಮೊಮ್ಮಗುವನ್ನು ನೋಡಿಕೊಂಡರೂ ಗಂಟೆಗೆ ಇಷ್ಟು ಎಂದು ಕೊಡುತ್ತಾರಂತೆ. ನಮ್ಮಲ್ಲಿ ಹೆಂಗಸರು ಬೆಳಿಗ್ಗೆಯಿಂದ ಸಂಜೆವರೆಗೆ ದುಡಿದರೂ ಅದು ಯಾವ ಲೆಕ್ಕಕ್ಕೂ ಸೇರುವುದಿಲ್ಲವಂತೆ, ಅದಕ್ಕೇ ನಾವು ಹಿಂದೆ. “ನಿಮ್ಮ ಕೆಲಸಕ್ಕೆ ನೀವು ಬೆಲೆ ಕೇಳಬೇಕು, ಇನ್ನೊಬ್ಬ ಅಕ್ಕನ ಕೆಲಸಕ್ಕೆ ನೀವು ಬೆಲೆ ಕೊಡಬೇಕು,” ಎಂದಳು. ನನ್ನ ಕಣ್ಣಲ್ಲಿ ನೀರೇ ಬಂತು. ಇಷ್ಟು ವರ್ಷದ ಮುದ್ದೆಗೆ ಬೆಲೆ ಇದೆ ಅಂತ ಹೇಳಿದವರು ಅವಳೇ ಮೊದಲು. ಮನೆಗೆ ಬಂದು ನಮ್ಮವರಿಗೆ ವಿವರಿಸಿದೆ. ಅವರು ಪತ್ರಿಕೆ ಮಡಿಸಿಟ್ಟು, ಅದು ನೂರಕ್ಕೆ ನೂರು ಸತ್ಯ, ಅರ್ಥಶಾಸ್ತ್ರವೂ ಅದನ್ನೇ ಹೇಳುತ್ತದೆ ಎಂದು ಒಪ್ಪಿ, ಒಂದು ಲೋಟ ಕಾಫಿ ಮಾಡು ಎಂದರು.

ಮಾರನೆಯ ದಿನದಿಂದ ಹನುಮಕ್ಕ ಹುಣಸೆಗೆ ಬಂದು ಕೂತಳು. ಐದು ಮಧ್ಯಾಹ್ನ ಕೂತಳು. ಕೊನೆಯ ದಿನ ಶುಕ್ರವಾರ. ಅವಳನ್ನು ದೇವರ ಮನೆಯ ಮುಂದೆ ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಎಲೆ ಅಡಿಕೆ, ರವಿಕೆ ಕಣ, ತೆಂಗಿನಕಾಯಿ ಎಲ್ಲ ಇಟ್ಟ ತಟ್ಟೆ ಕೊಟ್ಟೆ. ಅದರ ಕೆಳಗೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಒಂದು ಕವರಿನಲ್ಲಿ ಐದು ದಿನದ ಕೂಲಿ ಇಟ್ಟಿದ್ದೆ. ತಾಂಬೂಲವನ್ನು ಯಾರೂ ಬೇಡ ಎನ್ನುವಂತಿಲ್ಲವಲ್ಲ, ಕಣ್ಣಿಗೊತ್ತಿಕೊಂಡು ಸೆರಗಿಗೆ ಹಾಕಿಕೊಂಡು ಹೋದಳು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಎಂಥ ಹಗುರ ಅನ್ನಿಸಿತು ಗೊತ್ತೇ, ಪಾವಗಡದ ಶನಿದೇವರಿಗೆ ಎಳ್ಳೆಣ್ಣೆ ಹೊಯ್ದು ಬಂದ ಹಾಗೆ.

ಮಾರನೆಯ ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದರೆ ಜಗುಲಿಯ ಮೇಲೆ ಸಾಲಾಗಿ ಏಳು ಪಾತ್ರೆ. ನಮ್ಮ ಬಟ್ಟಲುಗಳು, ಒಂದು ಡಬರಿ, ಮೂರು ವರ್ಷದಿಂದ ಕಾಣೆಯಾಗಿದ್ದ ಒಂದು ಮುಚ್ಚಳ. ಎಲ್ಲವೂ ಹುಣಸೆ ಹಾಕಿ ಉಜ್ಜಿ ಫಳಫಳ ಹೊಳೆಯುತ್ತಿದ್ದವು. ಎಲ್ಲವೂ ಖಾಲಿ. ಒಂದರಲ್ಲಿ ಒಂದು ಕಾಳು ಸಕ್ಕರೆ ಇಲ್ಲ.

ಅವತ್ತು ಸಂಜೆ ಹನುಮಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಸಿಟ್ಟೇನೂ ಇದ್ದ ಹಾಗಿರಲಿಲ್ಲ. ಮೂವತ್ತು ವರ್ಷ ನನ್ನನ್ನು “ಲೇ ಸರೋಜಿ” ಎಂದು ಬೀದಿಯ ತುದಿಯಿಂದ ಕೂಗಿದವಳು, “ಮೇಡಮ್ಮೋರೆ, ವಸಿ ಹೆಪ್ಪು ಕೊಡ್ತೀರಾ,” ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಕೊಟ್ಟೆ. ಸೊಂಟದಿಂದ ಎರಡು ರೂಪಾಯಿ ನಾಣ್ಯ ತೆಗೆದು ಹೊಸ್ತಿಲ ಮೇಲೆ ಇಟ್ಟು ಹೋದಳು.

ಮರುದಿನ ಹಿತ್ತಿಲ ಕರಿಬೇವಿಗೆ ಬಂದಳು. ಎರಡು ಎಸಳು ಕಿತ್ತು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ನಾಣ್ಯ. ನಾನು ಬೇಡ ಎಂದು ಹಿಂದೆ ಓಡಿದರೆ, ಅವಳು ಬಹಳ ಮರ್ಯಾದೆಯಿಂದ, “ದಿನಾ ಚಿಲ್ಲರೆ ತಾಪತ್ರಯ ಯಾಕೆ, ಗಿಡಕ್ಕೇ ಒಂದು ಸ್ಕ್ಯಾನರ್ ಅಂಟಿಸ್ಬುಡಿ ಮೇಡಮ್ಮೋರೆ, ನಮ್ ಹುಡ್ಗ ಫೋನಲ್ಲೇ ಹಾಕ್ಬುಡ್ತಾನೆ,” ಎಂದಳು.

ನನಗೂ ರೋಷ ಇಲ್ಲವೇ. ಅವಳ ಹಿತ್ತಿಲ ನುಗ್ಗೆಕಾಯಿ ನಾನು ಎಂದೂ ಕೇಳಿ ಕಿತ್ತವಳಲ್ಲ. ಈಗ ಕೇಳಿ ಕಿತ್ತೆ, ಅದೇ ಎರಡು ರೂಪಾಯಿ ಅವಳ ಹೊಸ್ತಿಲ ಮೇಲಿಟ್ಟು ಬಂದೆ. ಮಾರನೆಯ ದಿನ ಅದೇ ನಾಣ್ಯ, ಅಂಚಿನಲ್ಲಿ ಒಂದು ಕಚ್ಚು ಇತ್ತು, ಗುರುತು ಸಿಗುತ್ತಿತ್ತು, ಮತ್ತೆ ಹೆಪ್ಪಿನ ಬೆಲೆಯಾಗಿ ನಮ್ಮ ಮನೆಗೆ ಬಂತು. ಹೀಗೆ ಒಂದು ವಾರ ಆ ನಾಣ್ಯ ಬೀದಿ ದಾಟಿತು, ಹಿಂದಿರುಗಿತು. ನಮ್ಮವರಿಗೆ ಹೇಳಿ ಗೋಳಾಡಿದರೆ ಅವರ ಮುಖ ಅರಳಿತು. ರಾಷ್ಟ್ರೀಯ ಆದಾಯ ಎಂದರೆ ಇದೇ, ನಾಣ್ಯ ಒಂದೇ ಆದರೂ ಎಷ್ಟು ಸಲ ಕೈ ಬದಲಾಯಿತೋ ಅಷ್ಟು ವಹಿವಾಟು, ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಡಲು ಒಂದು ಒಳ್ಳೆಯ ಉದಾಹರಣೆ ಸಿಕ್ಕಿರಲಿಲ್ಲ ಎಂದು ಪೇಚಾಡಿಕೊಂಡರು.

ಹಾಗಾದರೆ ನೋಡಿ. ಹೆಪ್ಪು ಅದೇ, ಕರಿಬೇವು ಅದೇ, ನುಗ್ಗೆಕಾಯಿ ಒಂದು ಗೇಣೂ ಹೆಚ್ಚು ಬೆಳೆದಿರಲಿಲ್ಲ. ಆದರೆ ನಮ್ಮ ಬೀದಿಯ ಆದಾಯ ಏರಿತು. ಬಾಗಿಲಲ್ಲಿ ನಿಂತು ಹರಟುವುದು ನಿಂತದ್ದರಿಂದ ಸಮಯವೂ ಉಳಿಯಿತು. ನನ್ನ ಪಾತ್ರೆಗಳೆಲ್ಲ ನನ್ನ ಮನೆಯಲ್ಲೇ ಇದ್ದವು. ಪುಸ್ತಕದಲ್ಲಿ ಹೇಳಿದ ಲಕ್ಷಣಗಳೆಲ್ಲ ಕಾಣಿಸಿಕೊಂಡವು. ಯುಗಾದಿಗೆ ಬೀದಿಯಲ್ಲಿ ಎಲ್ಲರಿಗೂ ಎಲ್ಲರ ಮನೆಯಿಂದ ಹೋಳಿಗೆ ಹೋಗುತ್ತದೆ, ನಮ್ಮ ಮನೆಗೂ ಎದುರುಮನೆಗೂ ನಡುವೆ ಮಾತ್ರ ಹೋಗಲಿಲ್ಲ. ನಮ್ಮ ಒಬ್ಬಟ್ಟು ನಾವೇ ತಿಂದೆವು. ನಮ್ಮವರಿಗೆ ಹೊಟ್ಟೆ ಕೆಟ್ಟಿತು.

ಈ ರೋಗದ ಪೂರ್ತಿ ರೂಪ ನೋಡಬೇಕಾದರೆ ಶಿರಾಕ್ಕೆ ಹೋಗಬೇಕು. ಅಲ್ಲಿ ನಮ್ಮ ನಾದಿನಿ ಇದ್ದಾಳೆ. ಬಂದಾಗಲೆಲ್ಲ ಅವಳದು ಒಂದೇ ಮಾತು, ನಮ್ಮ ಶಿರಾ ತುಂಬಾ ಡೆವಲಪ್ ಆಗಿದೆ ಅತ್ತಿಗೆ, ನಿಮ್ಮ ಬಡವನಹಳ್ಳಿ ಹಂಗೇ ಇದೆ. ಹೌದು, ಹೆದ್ದಾರಿ ಇದೆ, ಅವಳ ಬಡಾವಣೆಗೆ ಗೇಟಿದೆ, ಗೇಟಿಗೆ ಕ್ಯಾಮೆರಾ ಇದೆ. ಒಂದು ಸಲ ಅವಳ ಮನೆಯಲ್ಲಿ ಎರಡು ದಿನ ಇದ್ದೆ. ಹಾಲು ಕಾಯಿಸಿಟ್ಟು ನೋಡಿದರೆ ಹೆಪ್ಪಿಲ್ಲ. ಪಕ್ಕದ ಮನೆಯ ಗಂಟೆ ಒತ್ತಿದೆ. ಬಾಗಿಲಿನ ತೂತಿನಲ್ಲಿ ಒಂದು ಕಣ್ಣು ಕಾಣಿಸಿಕೊಂಡಿತು. ನಾನು ಬಟ್ಟಲು ಎತ್ತಿ ತೋರಿಸಿದೆ. ಕಣ್ಣು ಹೊರಟುಹೋಯಿತು, ಬಾಗಿಲು ತೆರೆಯಲಿಲ್ಲ. ನಾದಿನಿ ಕೆಳಗಿನ ಅಂಗಡಿಯಿಂದ ಒಂದು ಪ್ಯಾಕೆಟ್ ಮೊಸರು ತರಿಸಿದಳು. ಮೊಸರು ಮಾಡುವುದಕ್ಕೆ ಮೊಸರು ಕೊಂಡು ತಂದದ್ದು ಅದೇ ಮೊದಲು. ಊರಿಗೆ ಬಂದು ಆ ಕಥೆಯನ್ನು ಹನುಮಕ್ಕನಿಗೆ ಹೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈಗ ನಾನು ಅದನ್ನು ನೆನೆಸಿಕೊಂಡು ನಗಲು ಹೋದರೆ ನಗು ಬರಲಿಲ್ಲ, ಜೊತೆಗೆ ನಗುವವಳು ಎದುರುಮನೆಯಲ್ಲಿ ‘ಮೇಡಮ್ಮೋರೆ’ ಎನ್ನುತ್ತಿದ್ದಳು.

ಹೇಗೋ ಕಾಲ ಹೋಗುತ್ತಿತ್ತು. ಆದರೆ ಲತಾಗೆ ದಿನ ತುಂಬಿತ್ತು. ಅವಳನ್ನು ಕೊರಟಗೆರೆಗೆ ಕೊಟ್ಟಿದ್ದೇವೆ, ಮೊದಲ ಹೆರಿಗೆಗೆ ಬಂದಿದ್ದಳು. ಮಧುಗಿರಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಸುಖವಾಗಿ ಮನೆಗೆ ಬಂದರು, ದೇವರು ದೊಡ್ಡವನು. ಬೀದಿಯವರೆಲ್ಲ ಬಂದು ನೋಡಿದರು. ಹನುಮಕ್ಕನೂ ಬಂದಳು. ಮಗುವಿನ ಕೈಗೆ ನೂರು ರೂಪಾಯಿ ನೋಟು ಇಟ್ಟಳು, ಹಣೆ ಮುಟ್ಟಿದಳು, ನನ್ನ ಕಡೆ ನೋಡದೆ ಹೋದಳು.

ಮಗುವಿಗೆ ಎರೆಯುವವರು ಯಾರು? ಲತಾ ಹೊಲಿಗೆ ಹಾಕಿಸಿಕೊಂಡವಳು, ಬಗ್ಗುವಂತಿಲ್ಲ. ನಾನೇ ಕೂತೆ. ಎರೆಯುವುದನ್ನು ಸಾವಿರ ಸಲ ನೋಡಿದ್ದೇನೆ, ಒಂದು ಸಲವೂ ಮಾಡಿದವಳಲ್ಲ ಎಂಬುದು ಮಗು ಕಾಲ ಮೇಲೆ ಬಂದ ಮೇಲೆ ತಿಳಿಯಿತು. ಎಣ್ಣೆ ಹಚ್ಚಿದ ಕೂಸು ಕೈಯಲ್ಲಿ ಮೀನಿನಂತೆ ಜಾರಿತು. ಅದು ಕಿರುಚಿತು, ಲತಾ ಕಿರುಚಿದಳು, ನಾನು ಎಲ್ಲ ದೇವರನ್ನೂ ಕರೆದೆ. ಒರೆಸಿ ಒಳಗೆ ಮಲಗಿಸಿದೆವು. ನಮ್ಮವರು ವಿಚಾರಿಸಿ ಮಧುಗಿರಿಯಿಂದ ಎರೆಯುವ ಹೆಂಗಸೊಬ್ಬಳನ್ನು ಗೊತ್ತುಮಾಡಿದರು. ಸ್ಕೂಟಿಯಲ್ಲಿ ಬರುತ್ತಿದ್ದಳು. ಅವಳ ಮೇಲೆ ದೂರು ಹೇಳಿದರೆ ದೇವರು ಮೆಚ್ಚುವುದಿಲ್ಲ, ಕೈ ಚೆನ್ನಾಗಿತ್ತು. ಮಗುವಿನ ಹೆಸರು ಏನಿಡುತ್ತೀರಿ ಅಂತ ಮಾತ್ರ ಕೇಳಲಿಲ್ಲ, ಅವಳಿಗೆ ಇನ್ನೂ ಆರು ಮನೆ ಇತ್ತು. ಐದನೆಯ ದಿನ ಫೋನ್ ಮಾಡಿ, ಬೇರೆ ಊರಲ್ಲಿ ಹೆಚ್ಚಿಗೆ ಕೊಡುತ್ತಾರೆ ಆಂಟಿ, ನಾಳೆಯಿಂದ ಬರಲ್ಲ ಎಂದಳು. ಅದು ತಪ್ಪೂ ಅಲ್ಲ. ಸಮಯಕ್ಕೆ ಬೆಲೆ ಬಂದ ಮೇಲೆ ಅದು ಹೆಚ್ಚು ಬೆಲೆ ಇರುವ ಕಡೆಗೇ ಹೋಗಬೇಕಲ್ಲ.

ಮೂರು ದಿನ ಮಗುವಿಗೆ ನೀರಿಲ್ಲ. ಬೇಸಿಗೆಯ ಧಗೆಗೆ ಮೈಯೆಲ್ಲ ಬೆವರುಸಾಲೆ ಎದ್ದಿತು. ಕತ್ತಿನ ಮಡಿಕೆಯಲ್ಲಿ ಹಾಲು ಇಳಿದು ಕೆಂಪಗಾಗಿತ್ತು. ಮಧ್ಯಾಹ್ನ ಶುರುವಾದ ಅಳು ನಿಲ್ಲಲಿಲ್ಲ. ಲತಾ ಗೋಡೆಗೆ ತಿರುಗಿಕೊಂಡು, “ಅಮ್ಮ, ಎದುರುಮನೆಗೆ ಹತ್ತು ಹೆಜ್ಜೆ ಅಲ್ವಾ,” ಎಂದಳು. ಅಷ್ಟೇ ಅಂದಳು.

ಹೋದೆ. ಹನುಮಕ್ಕನ ಜಗುಲಿಯಲ್ಲಿ ಕಡಲೆಕಾಯಿ ರಾಶಿ. ಇಬ್ಬರು ಕೂಲಿ ಹೆಂಗಸರು ಸೇರಿನ ಲೆಕ್ಕದಲ್ಲಿ ಸುಲಿಯುತ್ತಿದ್ದರು. ಸೇರಿನ ಲೆಕ್ಕವಾದ್ದರಿಂದ ಕೈ ಮಿಂಚಿನಂತೆ ಓಡುತ್ತಿತ್ತು, ಮುಂದೆ ಬಿದ್ದ ಬೀಜದಲ್ಲಿ ಅರ್ಧಕ್ಕೆ ಸಿಪ್ಪೆ ಹರಿದಿತ್ತು. ಹನುಮಕ್ಕ ಹರಿದದ್ದನ್ನು ಒಂದೊಂದಾಗಿ ಆರಿಸಿ ಬೇರೆ ಹಾಕುತ್ತ ಕೂತಿದ್ದಳು. ಮುಖ ಸಪ್ಪಗಿತ್ತು.

“ಬನ್ನಿ ಮೇಡಮ್ಮೋರೆ,” ಎಂದಳು.

“ಮಗುವಿಗೆ ಎರೀಬೇಕಿತ್ತು ಹನುಮಕ್ಕ.”

“ಯಾಕೆ, ಸ್ಕೂಟಿಯಮ್ಮ ಬರಾಕಿಲ್ವಾ?”

“ಬಿಟ್ಟು ಹೋದಳು.”

“ಅಂಗಾರೆ ನನ್ ರೇಟು ಕೇಳ್ಕಳಿ. ದಿನಕ್ಕೆ ಅರ್ಧ ಗಂಟೆ. ಭಾನುವಾರ ರಜ. ಹಬ್ಬಕ್ಕೆ ಬೋನಸ್ಸು. ಕೂಸು ಸೀರೆ ಮೇಲೆ ಒಂದ ಮಾಡ್ಕಂಡ್ರೆ ಅದರ ಚಾರ್ಜು ಬ್ಯಾರೆ.”

ಕೂಲಿ ಹೆಂಗಸರು ಕಿಸಕ್ಕೆಂದರು. ನಾನು ಜಗುಲಿಯ ಅಂಚಿನಲ್ಲಿ ಕೂತುಬಿಟ್ಟೆ. ಬೀದಿಯಾಚೆಯಿಂದ ಮಗುವಿನ ಅಳು ಇಲ್ಲಿಗೇ ಕೇಳುತ್ತಿತ್ತು. ನಾನು ತಪ್ಪು ಮಾಡಿದೆ, ನಿನಗೆ ದುಡ್ಡು ಕೊಡಬಾರದಿತ್ತು ಎಂದೆ.

ಹನುಮಕ್ಕ ಕೈಯಲ್ಲಿದ್ದ ಬೀಜ ಕೆಳಗಿಟ್ಟಳು. “ದುಡ್ಡು ಕೊಟ್ಟಿದ್ದಕ್ಕಲ್ಲ ಕಣೆ. ದುಡ್ಡು ಯಾರಿಗೆ ಬ್ಯಾಡ. ಕಡ್ಲೆಬೀಜ ಸುಲಿಯಾಕೆ ಬರಬೇಕಾಯ್ತದೆ ಅಂತ ಮೊದ್ಲೇ ತೀರಿಸಿ ಬಾಗ್ಲು ಹಾಕ್ಕಂಡೆಯಲ್ಲ, ಅದಕ್ಕೆ. ತಾಂಬೂಲದ ಕೆಳ್ಗೆ ಬಚ್ಚಿಟ್ಟು ಕೊಟ್ಟೆ. ಬೆರಳು ನೋಯ್ತದೆ, ನನ್ ಕೈಲಿ ಆಗಾಕಿಲ್ಲ ಅಂತ ಬಾಯ್ಬುಟ್ಟು ಅಂದಿದ್ರೆ ನಾನೇನು ಕತ್ತು ಹಿಡಿದು ಕೂರಿಸ್ತಿದ್ನಾ?”

ದೇವರ ಮುಂದೆ ನಿಂತು ಹೇಳುವ ಹಾಗೆ ಇಲ್ಲಿ ಹೇಳಿಬಿಡುತ್ತೇನೆ, ಅವಳು ಅಂದದ್ದು ನಿಜ. ತುಮಕೂರಿನ ಹುಡುಗಿಯ ಭಾಷಣ ಕೇಳಿ ನನಗೆ ಜ್ಞಾನೋದಯವಾಯಿತು ಅಂತ ನಾನು ನಿಮಗೂ ಹೇಳಿದೆ, ನಮ್ಮವರಿಗೂ ಹೇಳಿದೆ, ತುಪ್ಪದ ದೀಪ ಹಚ್ಚಿ ದೇವರಿಗೂ ಹೇಳಿದೆ. ಆದರೆ ಆ ಕವರಿಗೆ ಅರಿಶಿನ ಹಚ್ಚುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಹದಿನೈದು ದಿನದ ಕಡಲೆಬೀಜ, ನನ್ನ ಮಂಡಿ ನೋವು, ಸುಲಿದ ಹೆಬ್ಬೆರಳು. ಐದು ದಿನದ ಕೂಲಿ ಕೊಟ್ಟು ಹದಿನೈದು ದಿನದಿಂದ ತಪ್ಪಿಸಿಕೊಳ್ಳುವುದು ಅಗ್ಗವಾಗಿ ಕಂಡಿತು. ಆ ಹುಡುಗಿ ಹೇಳಿದ್ದು ಕಷ್ಟಪಟ್ಟವಳಿಗೆ ಬೆಲೆ ಕೊಡಿ ಎಂದು. ನಾನು ಕೊಟ್ಟದ್ದು ಇನ್ನು ನನ್ನ ಬಾಗಿಲಿಗೆ ಬರಬೇಡ ಎಂಬುದಕ್ಕೆ. ಮುಂದುವರಿದವರೆಲ್ಲ ಹೀಗೇ ಮುಂದುವರಿದರೋ ಏನೋ, ಆ ಊರು ನಾನು ಕಂಡಿಲ್ಲ. ನಾನು ಮುಂದುವರಿದದ್ದಂತೂ ಹೀಗೆ.

ನಾನು ಇಷ್ಟನ್ನೂ ಹೇಳಲಿಲ್ಲ. ಹೌದು ಎಂದೆ, ಅಷ್ಟೇ. ಅವಳು ಸೆರಗು ಕೊಡವಿ ಎದ್ದು, “ನೀರು ಕಾಯ್ದೈತಾ ಅಥ್ವಾ ಅದಕ್ಕೂ ನಾನೇ ಬಂದು ಉರಿ ಹಾಕ್ಬೇಕಾ?” ಎಂದು ಬೀದಿ ದಾಟಿದಳು.

ಬಚ್ಚಲಿನಲ್ಲಿ ಮಣೆ ಹಾಕಿಕೊಂಡು, ಸೀರೆ ಮಂಡಿಯ ಮೇಲಕ್ಕೆ ಸರಿಸಿ, ಕಾಲು ಚಾಚಿ ಕೂತಳು. ಮೊಣಕೈ ಅದ್ದಿ ನೀರಿನ ಬಿಸಿ ನೋಡಿದಳು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ಸವರಿ, ತೋಳು ಎಳೆದು, ಬೆನ್ನು ತಿಕ್ಕಿ, ಕತ್ತಿನ ಮಡಿಕೆಯನ್ನು ಒಂದೇ ಬೆರಳಿನಲ್ಲಿ ಬಿಡಿಸಿ ತೊಳೆದಳು. ಚೊಂಬಿನಲ್ಲಿ ನೀರು ಹೊಯ್ಯುವ ಕೆಲಸ ನನ್ನದು. ಮೇಲಿನಿಂದ ಹೊಯ್ಯಬ್ಯಾಡ, ದಾರದ ಹಾಗೆ ಸಣ್ಣಗೆ ಬಿಡು, ಎಲ್ಲಿ ನೋಡ್ತಿದ್ದೀಯ ಅಂತ ಮೂರು ಸಲ ಬೈಸಿಕೊಂಡೆ. ಅಷ್ಟು ಹಿತವಾದ ಬೈಗುಳ ನಾನು ಎರಡು ತಿಂಗಳಿನಿಂದ ಕೇಳಿರಲಿಲ್ಲ. ಅಳುತ್ತಿದ್ದ ಕೂಸು ಬೆನ್ನಿಗೆ ಬಿಸಿನೀರು ಬಿದ್ದದ್ದೇ ಸುಮ್ಮನಾಗಿ, ಒಂದು ಸಲ ಆಕಳಿಸಿ, ಅವಳ ಕಾಲ ಮೇಲೇ ನಿದ್ದೆ ಹೋಯಿತು. ಸಾಂಬ್ರಾಣಿ ಹೊಗೆ ತೋರಿಸಿ, ಬಟ್ಟೆಯಲ್ಲಿ ಸುತ್ತಿ ಲತಾಳ ಪಕ್ಕ ಮಲಗಿಸಿದೆವು. ಲತಾ ಇನ್ನೊಂದು ಕಡೆ ತಿರುಗಿ ಅತ್ತಳು, ಈ ಸಲ ಬೇರೆ ಅಳು.

ಹನುಮಕ್ಕ ಕೈ ಒರೆಸಿಕೊಂಡು ಹೊಸ್ತಿಲಲ್ಲಿ ನಿಂತಳು. ಎಷ್ಟು ದಿನ ಎರೆಯುತ್ತೀಯ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವಳೇ, ಕತ್ತು ನಿಲ್ಲುವ ತನಕ ಬರ್ತೀನಿ, ಭಾನುವಾರ ರಜ ಇಲ್ಲ ಅಂದಳು. ಕೂಲಿಯವರನ್ನು ಸಂಜೆಗೇ ಕಳಿಸಿಬಿಟ್ಟಳು, ಅವರಿಗೆ ಸಲ್ಲಬೇಕಾದದ್ದು ಕೊಟ್ಟೇ ಕಳಿಸಿದಳು.

ಈಗ ನಾನು ದಿನಾ ಮಧ್ಯಾಹ್ನ ಅವಳ ಜಗುಲಿಯಲ್ಲಿರುತ್ತೇನೆ. ಮಂಡಿ ಮಡಚಲು ಆಗುವುದಿಲ್ಲವೆಂದು ನನಗೊಂದು ಕುರ್ಚಿ ಹಾಕಿಸಿದ್ದಾಳೆ. ಕುರ್ಚಿಯ ಮೇಲೆ ಕೂತು ಕಡಲೆಬೀಜ ಸುಲಿಯುವ ಮುಯ್ಯಾಳನ್ನು ನೋಡಿ ಬೀದಿಯವರೆಲ್ಲ ನಗುತ್ತಾರೆ, ನಗಲಿ. ನಾನು ಸುಲಿದ ಬೀಜವನ್ನು ಅವಳು ಮೊರಕ್ಕೆ ಹಾಕಿ ನೋಡಿ, ಹರಿದದ್ದನ್ನು ಹೆಕ್ಕಿ ನನ್ನ ಮೂಗಿನ ಕೆಳಗೆ ಹಿಡಿಯುತ್ತಾಳೆ. ಮೇಷ್ಟ್ರ ಹೆಂಡ್ತಿ ಸುಲಿದ ಬೀಜ ಹೊಲಕ್ಕಲ್ಲ, ಚಟ್ನಿಗೆ ಅಂತ ಹೀಯಾಳಿಸುತ್ತಾಳೆ. ಹೆಬ್ಬೆರಳಿಗೆ ನಿನ್ನೆಯಿಂದ ಬಟ್ಟೆ ಸುತ್ತಿದ್ದೇನೆ.

ನಿನ್ನೆ ರಾಶಿ ನೋಡಿದರೆ ಇನ್ನೂ ಅರ್ಧವಿತ್ತು. ಈ ಕಡೆ ಮಗುವಿನ ಕತ್ತು ನಿಲ್ಲಲು ತಿಂಗಳುಗಳು ಬೇಕು. ಅಷ್ಟು ದಿನದ ಎರೆಯುವಿಕೆಗೆ ಎಷ್ಟು ದಿನದ ಬೀಜ, ಅದು ಮುಗಿದರೆ ಮುಂದಿನ ಹುಣಸೆ, ಮನಸ್ಸಿನಲ್ಲೇ ಕೂಡಿ ಕಳೆದು ನೋಡಿದೆ, ಎಲ್ಲೂ ಸೊನ್ನೆಗೆ ಬಂದು ನಿಲ್ಲಲಿಲ್ಲ. ಅಲ್ಲ ಹನುಮಕ್ಕ, ನಮ್ಮಿಬ್ಬರದು ಈ ಮುಯ್ಯಿ ಎಂದಿಗೆ ತೀರುತ್ತದೆ ಎಂದು ಕೇಳಿದೆ.

ಅವಳು ಕಾಯಿ ಒತ್ತುತ್ತಲೇ ತಲೆ ಎತ್ತದೆ, “ಯಾಕ್ಲೇ ಸರೋಜಿ, ಊರು ಬುಟ್ಟು ಹೋಗ್ತಿದ್ದೀಯಾ?” ಎಂದಳು.